ಪಾಪರ್ ಅಂದ್ರ ಪಾಪ ಅಲ್ಲ

ಹೋದ ಶ್ರಾವಣದಾಗ ಒಂದ ದಿನಾ ರೊಟ್ಟಿ ಬಡಿಯೂ ಹೊತ್ತಿಗೆ ನಮ್ಮ ಓಣಿಯ ಒಬ್ಬಾಕಿ ಹಿತ್ತಲ ಬಾಗಲಿಂದ ಬಂದ್ಲು. ಮುಂದಿನ ಬಾಗಲ ತೆರದೇ ಇತ್ತು. ಹಿತ್ತಲಿಂದ ಬಂದಾಳಂದ್ರ ಏನರ ಸಣ್ಣ ದನಿಯೊಳಗ ಕೇಳೂದೈತಿ ಅಂತ ತಿಳಿತು. ಒಲಿ ಮುಂದ ಕುಂತು, ಸ್ವಲ್ಪ ಹೊತ್ತ ಸುಮ್ಮನಿದ್ದು ಕೇಳಿದ್ಲು: "ಅಕ್ಕಾರ, ಪಾಪರ್ ಚೀಟಿ ತಗೊಂಡ್ರ ಕೊಳ್ಳಾಗಿನ ತಾಳಿನೂ ಇಸಗೋತಾರಂತ, ಹೌದೇನ್ರಿ?"

ಆಕಿ ಗಂಡ ಬಾಡಿಗಿ ಗಾಡಿ ಹೊಡೀತಾನ. ಗಾಡಿ ಸಾಲ, ಆಕಿ ಹೆಸರಿಲೆ ಸಂಘದ ಸಾಲ, ಮ್ಯಾಲೆ ಕೈಗಡ. ಬಸ್ ಸ್ಟ್ಯಾಂಡಿನ್ಯಾಗ ಯಾರೋ ಅವಗ "ಪಾಪರ್ ತಗದಬಿಡೋ, ಎಲ್ಲಾ ಸಾಲ ಒಂದ ದಿನದಾಗ ಹರೀತಾವ" ಅಂದಿದ್ರಂತ. ಮನ್ಯಾಗ ಅತ್ತಿಯವರು "ಪಾಪರ್ ತಗದ್ರ ಪೋಲೀಸರು ಒಯ್ತಾರ, ಭಾಂಡೆ ಎಲ್ಲಾ ಓಣ್ಯಾಗ ಇಟ್ಟ ಲಿಲಾವ ಮಾಡ್ತಾರ, ಸೊಸಿ ತಾಳಿ ಉಳಿಯಂಗಿಲ್ಲ" ಅಂದಿದ್ರಂತ. ಈ ಎರಡ ಮಾತಿನ ನಡುವ ಈಕಿಗೆ ಎರಡ ರಾತ್ರಿ ನಿದ್ದಿ ಇರಲಿಲ್ಲ.

ಎರಡೂ ಮಾತು ತಪ್ಪು. ಆದ್ರ ಯಾಕ ತಪ್ಪು ಅಂತ ಬಿಡಿಸಿ ಹೇಳಾಕ ನನಗ ಅವತ್ತ ಬರಲಿಲ್ಲ. "ತಾಳಿ ಇಸಗೊಳ್ಳಂಗಿಲ್ಲವಾ, ಅಷ್ಟ ಖರೇ" ಅಂದೆ. ಅಷ್ಟರ ನನಗ ಗೊತ್ತಿದ್ದದ್ದು ನಮ್ಮ ಆಯಿ ಸಲುವಾಗಿ.

ನಮ್ಮ ಆಯಿ ಬೈಲಹೊಂಗಲದ ಸೊಸಿ. ಅಜ್ಜಂದು ಹತ್ತಿ ವ್ಯಾಪಾರ. ನಮ್ಮವ್ವ ಇನ್ನೂ ಹುಟ್ಟಿರಲಿಲ್ಲ, ಆವಾಗ ಒಂದ ವರ್ಷ ದರಾ ಬಿತ್ತು, ರೈತರಿಗೆ ಕೊಟ್ಟ ಮುಂಗಡ ತಿರುಗಿ ಬರಲಿಲ್ಲ, ಸಾವಕಾರ ಕೋರ್ಟಿಗೆ ಹೋಗಿ ಡಿಕ್ರಿ ಮಾಡಿಸಿದ. ಯಾರೋ ಬಂದು "ನಾಳೆ ಬೇಲೀಫ ಬರ್ತಾನ" ಅಂದ್ರು. ಆ ರಾತ್ರಿ ಆಯಿ ತಾಮ್ರದ ಹಂಡೆ, ಹಿತ್ತಾಳಿ ಕೊಡಪಾನ, ಬೋಗಾಣಿ ಒಂದೊಂದ ಹಿತ್ತಲ ಗ್ವಾಡಿ ಮ್ಯಾಲಿಂದ ಬಾಜೂ ಮನಿಯವರ ಕೈಗೆ ದಾಟಿಸಿದ್ಲು. ಮುಂಜಾನೆ ಎದ್ದು ಕೊಳ್ಳಾಗಿನ ತಾಳಿ ಬಿಚ್ಚಿ ತಾನ ಸಾವಕಾರಗ ಕೊಟ್ಟು ಕಳಿಸಿ, ಅರಿಷಿಣ ಕೊಂಬು ಕಟಗೊಂಡ್ಲು. ಹನ್ನೊಂದ ವರ್ಷ ಆ ಕೊಂಬಿನ್ಯಾಗೇ ಇದ್ಲು. ಸಾವಕಾರ ಆ ಬಂಗಾರಾನ ಅಸಲಿಗೆ ಜಮಾ ಮಾಡಲೇ ಇಲ್ಲ, ಬಡ್ಡಿಗೆ ಹಿಡದ. ಆಯಿ ಇದನ್ನ ಹೇಳೂವಾಗ ಬ್ಯಾಸರಾ ಮಾಡಕೋತಿರಲಿಲ್ಲ. "ಕೋರ್ಟಿನಾಂವ ಬಂದು ಕೈ ಹಾಕೂದಕಿಂತ ನಾನ ಕೊಟ್ಟಿದ್ದು ಚಲೋ ಆತು" ಅಂತಿದ್ಲು.

ಆಕಿ ತೀರಿಕೊಂಡ ಭಾಳ ವರ್ಷದ ಮ್ಯಾಲೆ ನನಗ ತಿಳಿದದ್ದೇನಂದ್ರ, ಕೋರ್ಟಿನಾಂವ ಕೈ ಹಾಕಾಕ ಬರ್ತಿರಲೇ ಇಲ್ಲ. ಆ ತಾಳಿನ್ನ, ಆ ಬೋಗಾಣಿನ್ನ ಮುಟ್ಟಬಾರದು ಅಂತ ಕಾಯದೆಯೊಳಗ 1908ರಾಗೇ ಬರದಿಟ್ಟಿದ್ರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಎಷ್ಟ ಮನಿಯೊಳಗ ಹಿಂಗಾಗೇತೋ ಏನೋ. ಅದರ ಸಲುವಾಗಿ ಈ ಸಲ ಅಡಗಿ ಮಾತು ಬಿಟ್ಟು ಸಾಲದ ಇತಿಹಾಸ ಬರಿಯಾಕತ್ತೀನಿ. ವೈನಿ, ಕಾಕು, ಸ್ವಲ್ಪ ಉದ್ದ ಐತಿ, ಸಾವಕಾಶ ಓದ್ರಿ.

ಮೊದಲ ಮೂರ ಶಬ್ದ ನೋಡೂಣು: ತಗಾದಿ, ದಿವಾಳಿ, ಪಾಪರ್. ನಮ್ಮ ಅಂಜಿಕಿ ಎಲ್ಲಾ ಈ ಮೂರರೊಳಗ ಕುಂತೈತಿ.

ತಗಾದಿ ಅಂದ್ರ ಈಗ ನಾವು ಜಗಳಾ, ತಕರಾರು ಅಂತೀವಿ. ಪೇಶ್ವೆ ಕಾಲಕ್ಕ ಅದು ಸಾಲಾ ವಸೂಲ ಮಾಡೂ ರೀತಿ ಇತ್ತು. ಪೇಶ್ವೆ ರಾಜ್ಯ ಕಂಪನಿ ಕೈಗೆ ಹೋದ ಮ್ಯಾಲೆ ಎಲ್ಫಿನ್‌ಸ್ಟನ್ ಸಾಹೇಬ 1819ರಾಗ ಬರದ ವರದಿಯೊಳಗ ಇದನ್ನ ಹೇಳ್ಯಾನ. ಸಾಲಾ ಕೊಟ್ಟಾಂವ ಬಾಗಲಿಗೆ ಬಂದು ಧರಣಿ ಕೂಡ್ತಿದ್ದ. ಕೆಲವೊಮ್ಮಿ ಸಾಲಗಾರನ್ನ ಹೊರಗ ಹೋಗದಂಗ ತಡೀತಿದ್ರು, ಉಣಗೊಡತಿರಲಿಲ್ಲ, ತಲಿ ಮ್ಯಾಲೆ ಕಲ್ಲ ಹೊರಸ್ತಿದ್ರು. ಎಲ್ಲಾ ಮನಿ ಮುಂದ, ಮಂದಿ ನೋಡೂವಂಗ. ಸಾಲ ಅಂದ್ರ ಮರ್ಯಾದಿ ಹೋಗೂದು ಅನ್ನೂ ಭಾವನಾ ಅಲ್ಲಿಂದ ಬಂದದ್ದು.

ದಿವಾಳಿ ಅನ್ನೂ ಶಬ್ದದಾಗ ದೀಪ ಐತಿ ಅಂತ ಹಿರ್ಯಾರು ಹೇಳ್ತಾರ. ಕೈ ಸೋತ ವ್ಯಾಪಾರಸ್ಥ ಹಾಡಾಹಗಲ ಅಂಗಡಿಯೊಳಗ ದೀಪಾ ಹಚ್ಚಿಟ್ಟು ಕೂಡ್ತಿದ್ನಂತ. ಹಗಲ ದೀಪಾ ಕಂಡ್ರ ಸಾಲಾ ಕೊಟ್ಟಾವ್ರಿಗೆ ತಿಳೀತಿತ್ತು, ಇವನ ಕಡೆ ಇನ್ನೇನೂ ಉಳದಿಲ್ಲ, ಇದ್ದದ್ದನ್ನ ನಾವ ಹಂಚಿಕೋಬೇಕು ಅಂತ. ವಿಚಾರ ಮಾಡಿದ್ರ ಆ ದೀಪದಾಗ ಒಂದ ಸಮಾಧಾನ ಇತ್ತು. ಮುಚ್ಚಿ ಇಡಲಿಲ್ಲ, ಓಡಿ ಹೋಗಲಿಲ್ಲ, ಎಲ್ಲಾರಿಗೂ ಒಂದ ಸಲಕ್ಕ ತಿಳಿಸಿದ. ಇವತ್ತಿನ ದಿವಾಳಿ ಕಾಯದೆಯ ತಿರುಳೂ ಅದ ಐತಿ: ಇರೂದನ್ನ ತೋರಸು, ಎಲ್ಲಾರಿಗೂ ಸರಿಯಾಗಿ ಹಂಚು, ಮ್ಯಾಲೆ ಹೊಸದಾಗಿ ಬಾಳ್ವೆ ಮಾಡು.

ಇನ್ನ ಪಾಪರ್. ಇದು ಇಂಗ್ಲೀಷ್ ಶಬ್ದ. ಪಾಪ ಅನ್ನೂದಕ್ಕೂ ಇದಕ್ಕೂ ಏನೂ ಸಂಬಂಧಿಲ್ಲ, ಬಡವ ಅಂತ ಅರ್ಥ. ದಾವಾ ಹಾಕಾಕ ಸ್ಟ್ಯಾಂಪಿನ ಖರ್ಚು ಕೊಡಲಾರದಾಂವ ಕೋರ್ಟಿಗೆ ಅರ್ಜಿ ಕೊಟ್ಟು, ಶುಲ್ಕ ಇಲ್ಲದ ದಾವಾ ನಡಸೂ ಅನುಕೂಲಕ್ಕ ಪಾಪರ್ ದಾವಾ ಅಂತಿದ್ರು. ದಿವಾಣಿ ಕಾಯದೆಗೆ 1976ರಾಗ ತಿದ್ದುಪಡಿ ಮಾಡಿ ಆ ಶಬ್ದಾನೂ ತಗದಹಾಕ್ಯಾರ. ಸಾಲ ಹರಿಯೂದಕ್ಕೂ ಅದಕ್ಕೂ ಸಂಬಂಧಾನ ಇಲ್ಲ. ಆದ್ರ ನಮ್ಮ ಮಂದಿ ಕಿವಿಗೆ ಪಾಪ ಅಂತ ಕೇಳಿಸಿ, ಸಾಲಾ ತೀರಸಲಾರದಾಂವ ಪಾಪಿ ಅನ್ನೂ ಭಾವನಾ ಗಟ್ಟಿ ಆತು. ಎರಡ ಬ್ಯಾರೆ ಕಾಯದೆ ಕೂಡಿಸಿ ಒಂದ ಬೈಗಳಾ ಮಾಡೀವಿ.

ಈಗ ನಮ್ಮ ಸೀಮೆಗೆ ಬರೂಣು. ಬೆಳಗಾವಿ ಕಡೆ ಕಂಪನಿ ಸರಕಾರ 1818ರಾಗ ಬಂತು. ಕಿತ್ತೂರು 1824ರಾಗ ಚನ್ನಮ್ಮರಾಣಿ ಕಾದಾಡಿದ ಮ್ಯಾಲೆ ಅವರ ಕೈಗೆ ಹೋತು. ಬೈಲಹೊಂಗಲ ಆವಾಗ ಸಂಪಗಾವಿ ತಾಲೂಕಿನೊಳಗ, ಸವದತ್ತಿ ಪರಸಗಡ ತಾಲೂಕಿನೊಳಗ. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನ. 1948ರಾಗ ಮುಂಬೈ ಪ್ರಾಂತಕ್ಕ ಕೂಡೂತನಕ ಬ್ರಿಟಿಷ್ ಜಿಲ್ಲಾದ ಕಾಯದೆ ಅಲ್ಲಿ ತಾನಾಗೇ ನಡೀತಿರಲಿಲ್ಲ. ಹಿಂಗಾಗಿ ಸವದತ್ತಿಯ ತವರಮನಿಯೊಳಗ ಇದ್ದ ರಕ್ಷಣಾ ರಾಮದುರ್ಗದ ಗಂಡನ ಮನಿಯೊಳಗ ಇರತೈತಿ ಅಂತ ಹೇಳಾಕ ಬರ್ತಿರಲಿಲ್ಲ. ನಮ್ಮ ಹಿರ್ಯಾರ ಮಾತು ಒಬ್ಬರದೊಂದಕ್ಕ ಒಬ್ಬರದು ಕೂಡಂಗಿಲ್ಲಲ್ಲ, ಅದಕ್ಕ ಇದೂ ಒಂದ ಕಾರಣ ಇದ್ದೀತು.

ಕೋರ್ಟ ಬಂದ ಮ್ಯಾಲೆ ತಲಿ ಮ್ಯಾಲಿನ ಕಲ್ಲ ಇಳೀತು, ಆದ್ರ ಜಪ್ತಿ, ಲಿಲಾವು, ದಿವಾಣಿ ಜೇಲು ಬಂದ್ವು. 1861ರಿಂದ 1865ರ ತನಕ ಅಮೇರಿಕಾದಾಗ ಯುದ್ಧ ನಡದು, ಅಲ್ಲಿಯ ಹತ್ತಿ ವಿಲಾಯತಿಗೆ ಹೋಗೂದು ನಿಂತಿತು. ನಮ್ಮ ಧಾರವಾಡ, ಬೆಳಗಾವಿ ಕಡೆ ಹತ್ತಿಗೆ ಬಂಗಾರದ ದರಾ ಬಂತು. ದರಾ ನೋಡಿ ಸಾಲಾ ಕೊಟ್ರು, ದರಾ ನೋಡಿ ಸಾಲಾ ತಗೊಂಡ್ರು. ಯುದ್ಧ ನಿಂತಿತು, ದರಾ ಬಿತ್ತು, ಸಾಲ ಉಳೀತು. ಮುಂದ 1876ರಿಂದ 78ರ ತನಕ ದೊಡ್ಡ ಬರಗಾಲ. ಆ ಕಾಲಕ್ಕ ಮುಂಬೈ ಪ್ಯಾಟಿಯ ವ್ಯಾಪಾರಸ್ಥಗ ದಿವಾಳಿ ಅರ್ಜಿ ಕೊಡಾಕ 1848ರಿಂದಾನ ಕಾಯದೆ ಇತ್ತು. ನಮ್ಮಂಥಾ ಜಿಲ್ಲಾದ ಊರಿಗೆ ಹಂಥಾ ಪೂರಾ ಕಾಯದೆ ಬಂದದ್ದು 1907ರಾಗ. ಅರವತ್ತ ವರ್ಷ ಪ್ಯಾಟಿಯಾಂವಗ ಬಿಡುಗಡಿ ಹಾದಿ, ಹಳ್ಳಿಯಾಂವಗ ಜೇಲಿನ ಹಾದಿ. ಸಾಲಾ ಅಂದ್ರ ಜೇಲು ಅನ್ನೂ ಅಂಜಿಕಿ ಸುಮ್ಮನ ಬಂದದ್ದಲ್ಲ, ಒಂದ ಕಾಲಕ್ಕ ಖರೇ ಇತ್ತು.

ಅದು ಯಾವಾಗ ಬದಲಾತು ಅಂದ್ರ, 1875ರ ಮೇ ತಿಂಗಳದಾಗ ಪುಣೆ ಹತ್ತರದ ಸುಪಾ ಅನ್ನೂ ಊರಾಗ ರೈತರು ಎದ್ದು ಸಾವಕಾರರ ಸಾಲಪತ್ರ ಕಸಕೊಂಡು ಸುಟ್ಟಹಾಕಿದ್ರು. ಆ ದಂಗೆ ಸುತ್ತಲ ಊರಿಗೂ ಹಬ್ಬಿತು. ಅವರಿಗೆ ಬೇಕಾದದ್ದು ಸಾವಕಾರನ ಜೀವಾ ಅಲ್ಲ, ಆ ಕಾಗದ. ಸರಕಾರ ವಿಚಾರಣಾ ಮಾಡಿಸಿ 1879ರಾಗ ದಖ್ಖನ್ ರೈತರ ಪರಿಹಾರ ಕಾಯದೆ ತಂದಿತು. ಮೊದಲ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ನಾಕ ಜಿಲ್ಲಾಕ್ಕ, ಮುಂದ ಹಂತಹಂತವಾಗಿ ಉಳಿದ ಜಿಲ್ಲಾಕ್ಕೂ. ರೈತನ್ನ ರೊಕ್ಕದ ಡಿಕ್ರಿ ಸಲುವಾಗಿ ಜೇಲಿಗೆ ಹಾಕಬಾರದು. ಒತ್ತಿ ಹಾಕದ ಹೊಲಾ ಜಪ್ತಿ ಮಾಡಿ ಮಾರಬಾರದು. ಕೋರ್ಟ ಬರೇ ಪತ್ರಾ ನೋಡಿ ತೀರ್ಪ ಕೊಡಬಾರದು, ಖರೇ ಎಷ್ಟ ಕೊಟ್ಟಾನ, ಎಷ್ಟ ತಿರುಗಿ ಬಂದೈತಿ ಅಂತ ಹಿಂದಿನ ಲೆಕ್ಕಾ ತಗಸಬೇಕು. ಕೊಟ್ಟ ರೊಕ್ಕಕ್ಕ ಸಾವಕಾರ ಪಾವತಿ ಕೊಡಬೇಕು. ಸಾವಕಾರರೂ ಸುಮ್ಮನ ಕೂಡಲಿಲ್ಲ ಬಿಡ್ರಿ. ಒತ್ತಿ ಪತ್ರದ ಬದಲಿ ಖರೀದಿ ಪತ್ರಾನ ಬರಸಿಕೊಳ್ಳಾಕ ಹತ್ತಿದ್ರು.

ಇನ್ನ ನಮ್ಮ ಹೆಣಮಕ್ಕಳ ಮಾತು. ಹೆಂಗಸರನ್ನ ರೊಕ್ಕದ ಡಿಕ್ರಿ ಸಲುವಾಗಿ ಹಿಡಿಯಬಾರದು, ಜೇಲಿಗೆ ಹಾಕಬಾರದು ಅಂತ 1888ರಾಗ ಕಾಯದೆ ಆತು. 1908ರ ದಿವಾಣಿ ಕಾಯದೆಯ 56ನೇ ಕಲಮಿನೊಳಗ ಅದು ಇವತ್ತಿಗೂ ಹಂಗ ಐತಿ. ಇದು ದಿವಾಣಿ ಸಾಲದ ಮಾತು ಅನ್ನೂದನ್ನ ನೆನಪಿಡ್ರಿ. ಚೆಕ್ ಕೊಟ್ಟು ಅದು ವಾಪಸ್ ಬಂದ್ರ ಅದು ಬ್ಯಾರೆ, ಅದರೊಳಗ ಫೌಜದಾರಿ ಕೇಸ್ ಆಗತೈತಿ, ಹೆಂಗಸರಿಗೂ ರಿಯಾಯತಿ ಇಲ್ಲ. ಅದಕ್ಕ ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರಿಗೂ ಕೊಡಬ್ಯಾಡ್ರಿ.

ಗಂಡಸರದೂ ಕೇಳ್ರಿ. ಡಿಕ್ರಿ ಆತು ಅಂದಕೂಡಲೆ ಜೇಲು ಅಲ್ಲ. 1936ರ ತಿದ್ದುಪಡಿ ಪ್ರಕಾರ, ಕೊಡೂ ತಾಕತ್ತು ಇದ್ದೂ ಕೊಡದಾಂವ, ಆಸ್ತಿ ಮುಚ್ಚಿಟ್ಟಾಂವ, ಓಡಿ ಹೋಗೂ ಹಂಚಿಕಿ ಹಾಕಿದಾಂವ, ಹಿಂಥಾವ್ರಿಗೆ ಜೇಲು. 1980ರಾಗ ಸುಪ್ರೀಂ ಕೋರ್ಟಿನ್ಯಾಗ ವಿ. ಆರ್. ಕೃಷ್ಣ ಅಯ್ಯರ್ ಅವರು ಜಾಲಿ ಜಾರ್ಜ್ ವರ್ಗೀಸ್ ಅನ್ನೂ ಕೇಸಿನೊಳಗ ಇದನ್ನ ಸ್ವಚ್ಛ ಮಾಡಿ ಹೇಳಿದ್ರು: ಬಡತನದ ಸಲುವಾಗಿ ಕೊಡಾಕ ಆಗದಾಂವನ್ನ ಜೇಲಿಗೆ ಕಳಸೂದು ಸಂವಿಧಾನಕ್ಕ ಹೊಂದಂಗಿಲ್ಲ. ಜೇಲಿಗೆ ಹಾಕಿದ್ರೂ ಮೂರ ತಿಂಗಳದ ಮ್ಯಾಲೆ ಇಡಾಕ ಬರಂಗಿಲ್ಲ, ಅಲ್ಲಿಯ ಊಟದ ಖರ್ಚು ಸಾಲಾ ಕೊಟ್ಟಾಂವನ ತುಂಬಬೇಕು.

ಈಗ ನಮ್ಮ ಆಯಿ ತಾಳಿ ಮಾತಿಗೆ ಬರ್ತೀನಿ. ಅದ 1908ರ ಕಾಯದೆಯ 60ನೇ ಕಲಮು. ಜಪ್ತಿ ಮಾಡಾಕ ಬರದ ಸಾಮಾನಿನ ಯಾದಿ ಅದರೊಳಗ ಐತಿ. ಓದಿದ್ರ ಯಾರೋ ನಮ್ಮ ಮನಿ ಒಳಗ ಹೊಕ್ಕು ನೋಡಿ ಬರದಂಗ ಅನಸ್ತೈತಿ. ಸಾಲಗಾರಂದು, ಅವನ ಹೆಂಡ್ತಿ ಮಕ್ಕಳದು ಬೇಕಾಗಿದ್ದ ಅರಿವಿ. ಅಡಗಿ ಭಾಂಡೆ. ಹಾಸಿಗಿ, ಹೊದಿಕಿ. ಧರ್ಮದ ರೂಢಿ ಪ್ರಕಾರ ಹೆಂಗಸು ಮೈ ಮ್ಯಾಲಿಂದ ತಗಿಯಬಾರದ ಆಭರಣ, ಅಂದ್ರ ನಮ್ಮ ತಾಳಿ. ಕಸಬುದಾರನ ಉಪಕರಣ. ಒಕ್ಕಲಿಗಂದಾದ್ರ ಒಕ್ಕಲುತನದ ಸಾಮಾನು, ಹೊಟ್ಟಿ ಹೊರಿಯಾಕ ಬೇಕಾದ ದನಾ, ಬಿತ್ತಿಗಿ ಬೀಜ. ಒಕ್ಕಲಿಗ ಇಲ್ಲಾ ಕೂಲಿಯಾಂವ ತಾನ ವಾಸ ಇರೂ ಮನಿ. ದಿವಾಳಿ ಅರ್ಜಿ ಕೊಟ್ಟಾಗ ಸಾಲಗಾರನ ಆಸ್ತಿ ಎಲ್ಲಾ ಕೋರ್ಟಿನ ಕೈಗೆ ಹೋಗತೈತಿ, ಆದ್ರ ಈ ಯಾದಿಯೊಳಗಿಂದು ಅಲ್ಲೂ ಹೋಗಂಗಿಲ್ಲ. ಇನ್ನ ಹೆಂಡ್ತಿಗೆ ತವರಮನಿಯಿಂದ ಬಂದ ಪಾಟ್ಲಿ, ಬಿಲವಾರ, ಬೋರಮಾಳ ಅದು ಆಕಿ ಸ್ತ್ರೀಧನ. ಅದು ಗಂಡನ ಆಸ್ತೀನ ಅಲ್ಲ, ಗಂಡನ ಸಾಲಕ್ಕ ಬರಂಗಿಲ್ಲ.

ಆದ್ರ ನೀವ ನಿಮ್ಮ ಕೈಯಾರೆ ಅಡವ ಇಟ್ಟದ್ದಕ್ಕ ಈ ರಕ್ಷಣಾ ಇಲ್ಲ. ಬ್ಯಾಂಕಿಗೆ ಬರದಕೊಟ್ಟ ಮನಿ, ಅಂಗಡಿಯೊಳಗ ಇಟ್ಟ ಬಂಗಾರ, ಸಾಲದ ಮ್ಯಾಲೆ ತಗೊಂಡ ಗಾಡಿ, ಇವನ್ನ ಅವರು ತಮ್ಮ ಸಾಲಕ್ಕ ಹಿಡದಾರ, ದಿವಾಳಿ ಅರ್ಜಿ ಕೊಟ್ರೂ ಅವರ ಹಕ್ಕು ಹೋಗಂಗಿಲ್ಲ. ಆಯಿ ಮಾಡಿದ್ದೂ ಅದ ತಪ್ಪು. ಕಾಯದೆ ಮುಟ್ಟದ ತಾಳಿನ್ನ ಆಕಿ ಅಂಜಿ ತಾನ ಬಿಚ್ಚಿಕೊಟ್ಲು. ಕೊಟ್ಟ ಮ್ಯಾಲೆ ಯಾವ ಕಲಮೂ ಕಾಯಂಗಿಲ್ಲ.

"ಗಂಡನ ಸಾಲ ಹೆಂಡ್ತಿ ತೀರಸಬೇಕು, ಅಪ್ಪನ ಸಾಲ ಮಗ ತೀರಸಬೇಕು." ಇದು ನಮ್ಮಲ್ಲಿ ಧರ್ಮದ ಮಾತು. ಹಳೇ ಧರ್ಮಶಾಸ್ತ್ರದಾಗ ಇನ್ನೊಂದೂ ಇತ್ತು: ಸತ್ತಾವನ ಹೆಂಡ್ತಿನ್ನ ಯಾರು ಮಾಡಿಕೊಂಡ್ರೋ ಅವರ ಮ್ಯಾಲೆ ಸತ್ತಾವನ ಸಾಲ. ನಮ್ಮ ಕಡೆ ಉಡಿಕಿ ರೂಢಿ ಇದ್ದ ಮನೆತನ ಎಷ್ಟೋ ಅದಾವ. ಗಂಡ ಸತ್ತ ಹುಡುಗಿನ್ನ ಉಡಿಕಿ ಮಾಡಿಕೊಳ್ಳಾಕ ಬಂದಾಂವ ಸಾಲದ ಸುದ್ದಿ ಕೇಳಿ ಹಿಂದ ಸರದ್ರ, ಆಕಿ ಬಾಳ್ವೆ ಮುಗೀತು. ಮುಂಬೈ ಸರಕಾರ 1866ರಾಗ ಹಿಂದೂ ವಾರಸುದಾರರ ಪರಿಹಾರ ಕಾಯದೆ ಮಾಡಿ ಎರಡನ್ನೂ ಹರೀತು. ಮಗ, ಮೊಮ್ಮಗ ತಮಗ ಬಂದ ಆಸ್ತಿ ಎಷ್ಟೋ ಅಷ್ಟಕ್ಕ ಮಾತ್ರ ಹೊಣಿ, ಸ್ವಂತ ದುಡಿಮಿಯಿಂದ ಕೊಡಬೇಕಾಗಿಲ್ಲ. ವಿಧವಾನ್ನ ಮದವಿ ಆದಾಂವಗ ಮೊದಲಿನ ಗಂಡನ ಸಾಲದ ಹೊಣಿ ಇಲ್ಲ. ಎಷ್ಟ ಹೆಣಮಕ್ಕಳ ಹಾದಿ ಇದರಿಂದ ತೆರದಿದ್ದೀತು ನೋಡ್ರಿ. ಮುಂದ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಹೆಣಮಕ್ಕಳಿಗೆ ಪಾಲು ಕೊಡ್ತಲ್ಲ, ಅದ ಕಾಯದೆ, ಅಪ್ಪನ ಸಾಲಾ ತೀರಸೂದು ಮಗನ ಧರ್ಮ ಅನ್ನೂ ಕಾರಣಕ್ಕ ದಾವಾ ನಡಸೂದನ್ನೂ ತಗದಹಾಕ್ತು. ಹೆಂಡ್ತಿ ತಾನ ಸಹಿ ಹಾಕಿರದಿದ್ರ ಗಂಡನ ಸಾಲಕ್ಕ ಸ್ವಂತ ಹೊಣಿ ಅಲ್ಲ. ಸಹಿ ಹಾಕಿದ್ರ ಹೊಣಿ. ಅದಕ್ಕ "ಇಲ್ಲೊಂದ ಸಹಿ ಹಾಕವಾ" ಅಂದಾಗ ಅದು ಏನ ಕಾಗದ ಅಂತ ಕೇಳೂದು ಉದ್ಧಟತನ ಅಲ್ಲ.

ಇನ್ನೊಂದ ಹಳೇ ರಕ್ಷಣಾ ಮರತೀವಿ: ದಾಮದುಪ್ಪಟ್. ಮುಂಬೈ ಪ್ರಾಂತದ ಹಿಂದೂ ಸಾಲಗಾರರಿಗೆ ಕೋರ್ಟಿನವರೂ ಒಪ್ಪಿದ ನಿಯಮ. ಒಂದ ಸಲಕ್ಕ ವಸೂಲ ಮಾಡೂ ಬಡ್ಡಿ ಅಸಲಿನಕಿಂತ ಹೆಚ್ಚ ಆಗಬಾರದು. ನೂರ ಕೊಟ್ರ ಅಸಲು, ಬಡ್ಡಿ ಕೂಡಿ ಇನ್ನೂರ ಮ್ಯಾಲೆ ಕೇಳಾಂಗಿಲ್ಲ.

ಈಗ ಮುಖ್ಯ ಪ್ರಶ್ನಾ. ದಿವಾಳಿ ಅರ್ಜಿ ಅಂದ್ರ ಏನು? 1907ರ ಕಾಯದೆ ಬದಲಿಸಿ 1920ರಾಗ ಪ್ರಾಂತೀಯ ದಿವಾಳಿ ಕಾಯದೆ ಬಂತು. ನಮ್ಮಂಥಾ ಮಂದಿಗೆ ಇವತ್ತಿಗೂ ಅದ. 2016ರಾಗ ಹೊಸಾ ದಿವಾಳಿ ಸಂಹಿತೆ ಬಂದೈತಿ, ಅದರೊಳಗ ಸಣ್ಣ ಸಾಲಗಾರರಿಗೆ ಹೊಸ ಹಾದಿನೂ ಬರದಾರ. ಆದ್ರ ನಾ ಇದನ್ನ ಬರಿಯೂತನಕ ಆ ಭಾಗ ಜಾರಿಗೆ ಬಂದಿಲ್ಲ. ಕಂಪನಿ ಸಾಲಕ್ಕ ಜಾಮೀನ ನಿಂತಾವ್ರ ಮಟ್ಟಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಚಾಲೂ ಆಗೇತಿ. ಹಿಂಗಾಗಿ "ಹೊಸ ಕಾಯದೆ ಬಂದೈತಿ, ಎಲ್ಲಾರ ಸಾಲ ಹೋತು" ಅಂತ ವಾಟ್ಸಪ್ಪಿನ್ಯಾಗ ಬಂದ್ರ ನಂಬಬ್ಯಾಡ್ರಿ.

1920ರ ಕಾಯದೆ ಪ್ರಕಾರ ಸಾಲಾ ತೀರಸಾಕ ಆಗದಾಂವ ತಾನ ಅರ್ಜಿ ಕೊಡಬಹುದು. ಸಾಲಾ ಕೊಟ್ಟಾವ್ರೂ ಕೊಡಬಹುದು. ಅರ್ಜಿಯೊಳಗ ಯಾರ ಯಾರಿಗೆ ಎಷ್ಟ ಕೊಡೂದೈತಿ, ತನ್ನ ಕಡೆ ಏನೇನ ಐತಿ ಎಲ್ಲಾ ಬರೀಬೇಕು. ಕೋರ್ಟ ವಿಚಾರಣಾ ಮಾಡಿ ದಿವಾಳಿ ಅಂತ ಹುಕುಂ ಮಾಡತೈತಿ. ಆಸ್ತಿ ರಿಸೀವರ ಕೈಗೆ ಹೋಗತೈತಿ, ಅವರು ಮಾರಿ ಎಲ್ಲಾರಿಗೂ ಪ್ರಮಾಣ ಪ್ರಕಾರ ಹಂಚತಾರ. ಇಲ್ಲಿಗೆ ಮುಗೀಲಿಲ್ಲ. ಕೋರ್ಟ ಹೇಳಿದ ಮುದ್ದತಿನೊಳಗ ಬಿಡುಗಡಿ ಸಲುವಾಗಿ ಇನ್ನೊಂದ ಅರ್ಜಿ ಕೊಡಬೇಕು. ಅದು ಮಂಜೂರಾದ ಮ್ಯಾಲೆ ಸಾಲದಿಂದ ಬಿಡುಗಡಿ. ಕೊಡದಿದ್ರ ಮೊದಲಿನ ಹುಕುಂ ರದ್ದಾಗತೈತಿ, ಹಳೇ ಸಾಲ ಎಲ್ಲಾ ತಿರುಗಿ ಬಾಗಲಿಗೆ ಬರ್ತಾವ.

ನಮ್ಮ ಸವದತ್ತಿ ಎಲ್ಲವ್ವನ ಗುಡ್ಡದಾಗ ರಂಡಿ ಹುಣ್ಣಿಮಿಗೆ ಬಳಿ ಒಡೀತಾರ, ಮುತ್ತೈದಿ ಹುಣ್ಣಿಮಿಗೆ ತಿರುಗಿ ಏರಸ್ತಾರ. ದಿವಾಳಿ ಹುಕುಂ ಮೊದಲಿನ ಹುಣ್ಣಿಮಿ ಇದ್ದಂಗ, ಬಿಡುಗಡಿ ಎರಡನೇದು ಇದ್ದಂಗ. ಮೊದಲನೇದಕ್ಕ ಅತ್ತು ಮನಿಗೆ ಬಂದು ಎರಡನೇದಕ್ಕ ಹೋಗೂದ ಮರತ್ರ ಹೆಂಗ? ನಡುವಿನ ಕಾಲದಾಗ ಕೆಲವು ನಿರ್ಬಂಧ ಅದಾವ. ತಾನು ದಿವಾಳಿ ಅಂತ ಹೇಳದ 50 ರೂಪಾಯಿ ಇಲ್ಲಾ ಅದರ ಮ್ಯಾಲೆ ಸಾಲಾ ತಗೊಂಡ್ರ ಅಪರಾಧ, ಊರಿನ ಚುನಾಯಿತ ಸಂಸ್ಥಾದಾಗ ಕೂಡಾಕ ಬರಂಗಿಲ್ಲ. ಆದ್ರ ಅದು ಜನ್ಮಪೂರ್ತಿ ಕಲಂಕ ಅಲ್ಲ.

ಬಿಡುಗಡಿ ಆದ್ರೂ ಹರಿಯದ ಸಾಲ ಅದಾವ. ಸರಕಾರಕ್ಕ ಕೊಡೂ ಬಾಕಿ, ಮೋಸ ಮಾಡಿ ತಗೊಂಡ ಸಾಲ, ಕೋರ್ಟ ಹುಕುಂ ಮಾಡಿದ ಹೆಂಡ್ತಿ ಮಕ್ಕಳ ಜೀವನಾಂಶ. ಹೌದ್ರಿ, "ನಾ ದಿವಾಳಿ ಆಗೇನಿ, ನಿನಗ ಪೋಟಗಿ ಕೊಡಂಗಿಲ್ಲ" ಅಂತ ಗಂಡ ಹೇಳಾಕ ಬರಂಗಿಲ್ಲ. ಇದು 1920ರಿಂದ ಐತಿ. ಇನ್ನೊಂದು, ಸಾಲಗಾರ ಬಿಡುಗಡಿ ಆದ್ರೂ ಜಾಮೀನ ನಿಂತಾವ್ರು, ಕೂಡಿ ಸಾಲಾ ತಗೊಂಡಾವ್ರು ಬಿಡುಗಡಿ ಆಗಂಗಿಲ್ಲ. ಸಂಘದಾಗ ಐದ ಮಂದಿ ಒಬ್ಬರಿಗೊಬ್ಬರು ಹೊಣಿ ಅಂತ ಸಹಿ ಹಾಕಿರ್ತೀವಲ್ಲ, ಅದನ್ನ ನೆನಪಿಡ್ರಿ.

ಭಾಳ ಮಂದಿ ಮಾಡೂ ಇನ್ನೊಂದ ತಪ್ಪು, "ಮೊದಲ ಹೊಲಾ ತಂಗಿ ಹೆಸರಿಗೆ ಬರದು ಆಮ್ಯಾಲೆ ದಿವಾಳಿ ತಗಿಯೂದು". ದಿವಾಳಿ ಅರ್ಜಿ ಕೊಡೂದಕಿಂತ ಹಿಂದಿನ ಎರಡ ವರ್ಷದಾಗ ಪುಕ್ಕಟೆ ಬರದಕೊಟ್ಟದ್ದನ್ನ ರಿಸೀವರ ಹೇಳಿದ್ರ ಕೋರ್ಟ ರದ್ದ ಮಾಡಬಹುದು. ಮೂರ ತಿಂಗಳದೊಳಗ ಉಳಿದಾವ್ರನ್ನ ಬಿಟ್ಟು ತನಗ ಬೇಕಾದ ಒಬ್ಬರಿಗೆ ಮಾತ್ರ ಸಾಲಾ ಮುಟ್ಟಿಸಿದ್ದೂ ತಿರುಗಿ ಬರಬಹುದು. ಆಸ್ತಿ ಮುಚ್ಚಿಟ್ಟಾಂವಗ ಶಿಕ್ಷಾನೂ ಐತಿ. ಹಗಲ ದೀಪಾ ಹಚ್ಚಿ ಕುಂತಾಂವಗ ಇರೂ ಮರ್ಯಾದಿ ರಾತ್ರಿ ಗ್ವಾಡಿ ದಾಟಿಸಿದಾಂವಗ ಇಲ್ಲ.

ಸಾಲಮನ್ನಾ ಅನ್ನೂದು ಮತ್ತ ಬ್ಯಾರೆ. ಮುಂಬೈ ಸರಕಾರ 1939ರಾಗ, ತಿರುಗಿ 1947ರಾಗ ರೈತರ ಸಾಲ ಪರಿಹಾರ ಕಾಯದೆ ಮಾಡಿ, ತೀರಸೂ ತಾಕತ್ತು ನೋಡಿ ಸಾಲಾ ಇಳಿಸಿ ಕಂತು ಹಾಕಿಕೊಟ್ಟಿತು. ಕರ್ನಾಟಕದಾಗ ದೇವರಾಜ ಅರಸರ ಕಾಲಕ್ಕ 1976ರಾಗ ಸಣ್ಣ ರೈತರು, ಭೂಮಿ ಇಲ್ಲದ ಕೂಲಿಕಾರರು, ಬಡವರ ಸಾವಕಾರಿ ಸಾಲಾ ಹರದ ಕಾಯದೆ ಬಂತು. 2019ರ ಜುಲೈದಾಗ ಋಣ ಪರಿಹಾರ ಕಾಯದೆ ಜಾರಿಗೆ ಬಂದಾಗ ಉಪವಿಭಾಗಾಧಿಕಾರಿಗೆ 90 ದಿನದಾಗ ಅರ್ಜಿ ಕೊಡಬೇಕಿತ್ತು. ಅದು ಖಾಸಗಿ ಸಾಲಕ್ಕ, ಬ್ಯಾಂಕಿನ ಸಾಲಕ್ಕಲ್ಲ. ಆ ಮುದ್ದತು ಮುಗದೈತಿ. 2025ರಾಗ ಕಿರುಸಾಲದವರ ಬಲವಂತ ತಡಿಯೂ ಕಾಯದೆ ಬಂದೈತಿ. ಮನಿ ಮುಂದ ಕುಂತು ಬೈಯೂದು, ಅಂಜಿಸೂದು ಈಗ ಅಪರಾಧ. ಪೇಶ್ವೆ ಕಾಲದ ತಗಾದಿಗೆ ಇನ್ನೂರ ವರ್ಷದ ಮ್ಯಾಲೆ ಉತ್ತರ ಸಿಕ್ಕಂಗಾತು. ಆದ್ರ ನೋಂದಣಿ ಇದ್ದ ಸಂಸ್ಥಾದ ಸಾಲ ಅದರಿಂದ ಮನ್ನಾ ಆಗಂಗಿಲ್ಲ, ತೀರಸೂದ ಐತಿ.

ಕಡೀದು, ಎಲ್ಲಾದಕಿಂತ ದೊಡ್ಡ ತಪ್ಪು ತಿಳವಳಿಕಿ. "ನಾ ಸತ್ರ ಸಾಲ ಮುಗೀತು." ನಮ್ಮ ಸೀಮೆಯೊಳಗ ಈ ಮಾತು ಎಷ್ಟ ಮನಿ ಕೆಡಿಸೇತಿ ಅಂತ ನಿಮಗ ಹೇಳಬೇಕಾಗಿಲ್ಲ. ಸತ್ರ ಸಾಲ ಮುಗಿಯಂಗಿಲ್ಲ, ಬಿಟ್ಟಹೋದ ಆಸ್ತಿ ಮ್ಯಾಲೆ ಹಂಗ ನಿಂತಿರತೈತಿ. ಬದುಕಿದ್ದಾಂವಗ ಅರ್ಜಿ ಕೊಡಾಕ, ಕಂತು ಕೇಳಾಕ, ಬಿಡುಗಡಿ ತಗೊಳ್ಳಾಕ ಹಾದಿ ಅದಾವ. ಮನ್ಯಾಗ ಗಂಡಸರು ಸಾಲದ ಮಾತಿಗೆ ಸುಮ್ಮನಾದ್ರ ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ. ಕೇಳ್ರಿ, ಬೈಯಬ್ಯಾಡ್ರಿ.

ನಮ್ಮ ಓಣಿಯಾಕಿ ಮಾತ ಮುಗಸ್ತೀನಿ. ನಾವಿಬ್ಬರೂ ಮಗನ ಹಳೇ ನೋಟಬುಕ್ಕಿನ್ಯಾಗ ಎಲ್ಲಾ ಸಾಲಾ ಬರದ್ವಿ. ಯಾರದು, ಎಷ್ಟು, ಯಾರ ಸಹಿ, ಏನ ಅಡವು. ಬರದಾದ ಮ್ಯಾಲೆ ಆಕಿನ ಹೇಳಿದ್ಲು, "ನಾ ದಿವಾಳಿ ತಗದ್ರ ಸಂಘದ ನಾಕ ಮಂದಿ ಮ್ಯಾಲೆ ಬೀಳತೈತಿ, ಅದು ಬ್ಯಾಡ." ಮರುದಿನಾ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋದ್ವಿ. 1987ರ ಕಾಯದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟ ಇದ್ರೂ ವಕೀಲರ ನೆರವು ಪುಕ್ಕಟೆ. ಗಾಡಿ ಮಾರಿದ್ರು. ಉಳಿದದ್ದು ಲೋಕ ಅದಾಲತಿನ್ಯಾಗ ಕಂತಿಗೆ ಬಂತು. ಗಂಡ ಈಗ ಮಂದಿ ಗಾಡಿ ಹೊಡೀತಾನ. ಸಾಲ ಇನ್ನೂ ಐತಿ, ಆದ್ರ ಎಷ್ಟೈತಿ, ಯಾವಾಗ ತೀರತೈತಿ ಅಂತ ಆಕಿಗೆ ಗೊತ್ತೈತಿ.

ಮೊನ್ನೆ ಬಂದಿದ್ಲು, ಮುಂದಿನ ಬಾಗಲಿಂದ. ಚಾ ಕುಡಿಯೂವಾಗ ಆಕಿ ಕೊಳ್ಳಾಗಿನ ತಾಳಿ ಕಡೆ ನನ್ನ ಕಣ್ಣ ಹೋತು, ಆಯಿ ನೆನಪಾದ್ಲು. ನೀವೂ ಮನ್ಯಾಗ ಹಂಥಾದ್ದೊಂದ ನೋಟಬುಕ್ ಮಾಡ್ರಿ. ಸಾಲ ಇರಲಿ, ಇಲ್ಲದಿರಲಿ, ಯಾವ ಯಾವ ಕಾಗದಕ್ಕ ಸಹಿ ಹಾಕೀರಿ ಅಷ್ಟರ ಬರದಿಡ್ರಿ.